ಸಹಾಯ ಬೇಕು: ಒನಕೆ ಓಬವ್ವನ ವೇಷಕ್ಕೆ ಸೀರೆ, ಹಗುರವಾದ ಒನಕೆ

ಎಲ್ಲರಿಗೂ ನಮಸ್ಕಾರ. ದಸರಾ ರಜೆ ಮುಗಿದಿದ್ದೇ ತಡ, ಮಗಳ ಸ್ಕೂಲ್ ಡೈರಿ ತುಂಬಾ ಕಾರ್ಯಕ್ರಮ. ನವೆಂಬರ್ 1ಕ್ಕೆ ರಾಜ್ಯೋತ್ಸವ, 14ಕ್ಕೆ ಮಕ್ಕಳ ದಿನಾಚರಣೆ. ರಾಜ್ಯೋತ್ಸವಕ್ಕೆ ಒನಕೆ ಓಬವ್ವನೇ ಆಗಬೇಕಂತೆ, ಒಂದೇ ಹಠ. ಎರಡನೇ ಕ್ಲಾಸು.

ಬಾಡಿಗೆ ಅಂಗಡಿಯಲ್ಲಿ ಬರೀ ಜರಿ, ಕಿರೀಟದ ರಾಣಿ ಡ್ರೆಸ್ಸೇ ತೋರಿಸ್ತಾರೆ. ಓಬವ್ವ ರಾಣಿ ಅಲ್ಲ ಸ್ವಾಮಿ, ಚಿತ್ರದುರ್ಗದ ಕೋಟೆ ಕಾವಲುಗಾರನ ಹೆಂಡತಿ! ಮಕ್ಕಳ ಅಳತೆಯ ಸಾದಾ ಹತ್ತಿ ಸೀರೆ, ಥರ್ಮಾಕೋಲ್ ಅಥವಾ ರಟ್ಟಿನ ಒನಕೆ ಯಾರ ಮನೆಯಲ್ಲಾದ್ರೂ ಇದ್ಯಾ? ಮರದ್ದು ಬೇಡ, ಪಕ್ಕ ನಿಂತ ಮಕ್ಕಳ ಗತಿ ಏನು.

ಮಲ್ಲೇಶ್ವರ, ರಾಜಾಜಿನಗರ ಸುತ್ತಮುತ್ತ ಆದ್ರೆ ನಾನೇ ಬಂದು ತಗೋತೀನಿ, ಒಗೆದು ಇಸ್ತ್ರಿ ಮಾಡಿ ವಾಪಸ್ ಕೊಡ್ತೀನಿ. ಕಚ್ಚೆ ಹಾಕೋಕೆ ಬರೋ ಅಮ್ಮ, ಅಜ್ಜಿಯರು ಇದ್ರೆ ದಯವಿಟ್ಟು ಒಮ್ಮೆ ತೋರಿಸಿಕೊಡಿ. ಯೂಟ್ಯೂಬ್ ನೋಡಿ ನಾನು ಕಟ್ಟಿದ್ದು ನಾಲ್ಕು ಹೆಜ್ಜೆಗೇ ಬಿಚ್ಚಿಕೊಳ್ಳುತ್ತೆ.