ಸಹಾಯ ಬೇಕು: ಎಡಿಟಿಂಗ್ ಪಿಸಿಗೆ ಇಂಟೆಲ್ಲಾ, ರೈಜನ್ನಾ?

ಎಲ್ಲರಿಗೂ ನಮಸ್ಕಾರ. ಮೊದಲ ಸಲ ನಾನೇ ಪಿಸಿ ಜೋಡಿಸುತ್ತಿದ್ದೇನೆ, ವೀಡಿಯೊ ಎಡಿಟಿಂಗ್‌ಗೆ. ನನ್ನ ಕ್ಯಾಮೆರಾದ್ದು 4ಕೆ, 10-ಬಿಟ್ 4:2:2 ಎಚ್.265 ಫೈಲ್ (ಬಣ್ಣದ ವಿವರ ಹೆಚ್ಚು, ತುಂಬಾ ಕುಗ್ಗಿಸಿದ ವೀಡಿಯೊ). ಈಗಿನ ಲ್ಯಾಪ್‌ಟಾಪ್‌ನಲ್ಲಿ ಪ್ಲೇ ಒತ್ತಿದರೆ ಧ್ವನಿ ಮುಂದೆ ಓಡುತ್ತದೆ, ಚಿತ್ರ ನಿಂತು ನಿಂತು ಬರುತ್ತದೆ. ಪ್ರಾಕ್ಸಿ (ಎಡಿಟಿಂಗ್‌ಗೆ ಮಾತ್ರ ಬಳಸುವ ಹಗುರ ನಕಲು) ಮಾಡಿ ನೋಡಿದೆ. ಪ್ಲೇಬ್ಯಾಕ್ ಸರಿಹೋಯಿತು, ಆದರೆ ಪ್ರಾಕ್ಸಿ ತಯಾರಾಗುವುದಕ್ಕೇ ರಾತ್ರಿಯೆಲ್ಲಾ ಬೇಕು.

32 ಜಿಬಿ ರ‍್ಯಾಮ್, ಎರಡು ಎನ್‌ವಿಎಂಇ ಎಸ್‌ಎಸ್‌ಡಿ ಅಂತ ತೀರ್ಮಾನ ಆಗಿದೆ. ತಲೆಕೆಟ್ಟಿರುವುದು ಪ್ರೊಸೆಸರ್ ವಿಷಯದಲ್ಲಿ. ಇಂಟೆಲ್ ಐ7-14700 ಒಳಗಿನ ಕ್ವಿಕ್ ಸಿಂಕ್ ಅನ್ನೋ ವೀಡಿಯೊ ಭಾಗ ಈ ಫೈಲ್‌ಗಳನ್ನು ಡಿಕೋಡ್ ಮಾಡುತ್ತದೆ, ಅಂದರೆ ಪ್ಲೇ ಮಾಡಲು ಬಿಡಿಸಿಕೊಡುತ್ತದೆ. (ಹೆಸರಿನ ಕೊನೆಗೆ ಎಫ್ ಇದ್ದರೆ ಅದು ಇರುವುದಿಲ್ಲ. ಇನ್ನೇನು ಆ ಎಫ್ ಇರುವುದನ್ನೇ ತಗೊಳ್ಳುವವನಿದ್ದೆ!) ನನಗೆ ಇಷ್ಟವಾದ ಎಎಂಡಿ ರೈಜನ್ 9 7900ರಲ್ಲಿ ಆ ಸೌಲಭ್ಯ ಇಲ್ಲ. ಆದರೆ ಹೇಗಿದ್ದರೂ ಹಾಕುವ ಆರ್‌ಟಿಎಕ್ಸ್ 5060 ಟಿಐ ಗ್ರಾಫಿಕ್ಸ್ ಕಾರ್ಡ್ 4:2:2 ಡಿಕೋಡ್ ಮಾಡುತ್ತದೆ ಅಲ್ವಾ?

ಇಂಥ ಫೈಲ್ ದಿನಾ ಎಡಿಟ್ ಮಾಡುವವರು ದಯವಿಟ್ಟು ಹೇಳಿ: ಎರಡು ಕ್ಯಾಮೆರಾ ಟೈಮ್‌ಲೈನ್‌ಗೆ ಆ ಕಾರ್ಡ್ ಒಂದೇ ಸಾಕಾ, ಇಲ್ಲ ಇಂಟೆಲ್ಲೇ ಬೇಕಾ?