ಲ್ಯಾಪ್‌ಟಾಪ್ ಆನ್ ಆಗುತ್ತಿಲ್ಲ, ಡಿಸ್ಕ್ ತೆಗೆದರೆ ಬಿಟ್‌ಲಾಕರ್ ಬೀಗ. ಟ್ಯಾಲಿ ಡೇಟಾ ಸಿಗುತ್ತಾ?

ಮಂಡಿಲೆಕ್ಕ_ಸಾಗರ

ನಮಸ್ಕಾರ. ನಾನು ಸಾಗರದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು. ಮೊನ್ನೆ ಗುಡುಗು ಮಳೆ ಬಂದಾಗ ಲ್ಯಾಪ್‌ಟಾಪ್ ಚಾರ್ಜಿಗೆ ಇತ್ತು. ಆಮೇಲಿಂದ ಆನ್ ಆಗುತ್ತಿಲ್ಲ. ಚಾರ್ಜರ್ ಸಿಕ್ಕಿಸಿದರೆ ಪಕ್ಕದ ಸಣ್ಣ ಲೈಟ್ ಒಮ್ಮೆ ಮಿನುಗಿ ಆರಿಹೋಗುತ್ತದೆ.

ಇಲ್ಲಿನ ಅಂಗಡಿಯವರು ಒಳಗಿನ ಎಸ್‌ಎಸ್‌ಡಿ ಬಿಚ್ಚಿ, ಯುಎಸ್‌ಬಿ ಕೇಸಿಗೆ ಹಾಕಿ ತಮ್ಮ ಕಂಪ್ಯೂಟರಿಗೆ ಚುಚ್ಚಿದರು. ಡ್ರೈವ್ ಕಾಣಿಸಿತು, ಆದರೆ ಅದರ ಮೇಲೆ ಹಳದಿ ಬೀಗದ ಚಿತ್ರ. "ಬಿಟ್‌ಲಾಕರ್ ಹಾಕಿಟ್ಟಿದ್ದೀರಿ. ಬೋರ್ಡ್ ಬದಲಾಯಿಸಿ, ಫಾರ್ಮ್ಯಾಟ್ ಹೊಡೆದು ಕೊಡ್ತೀವಿ, ಡೇಟಾ ಆಸೆ ಬಿಡಿ" ಅಂದರು. ನಾನು ಯಾವ ಬೀಗವನ್ನೂ ಹಾಕಿಲ್ಲ ಮಾರಾಯ್ರೇ! ವಿಂಡೋಸ್ 11 ಹೋಮ್, ಒಳಗೆ ಹೋಗಲು ನಾಲ್ಕಂಕಿ ಪಿನ್, ಅಷ್ಟೇ. ಆ ಪಿನ್ ಇಲ್ಲಿ ನಡೆಯುವುದಿಲ್ಲ.

ಟ್ಯಾಲಿ ಪೂರ್ತಿ ಅದರಲ್ಲೇ ಇದೆ. ಪೆನ್‌ಡ್ರೈವ್‌ನಲ್ಲಿರುವ ಬ್ಯಾಕಪ್ ಯುಗಾದಿವರೆಗಿನದು. ಬೆಳೆಗಾರರಿಗೆ ಕೊಟ್ಟ ಮುಂಗಡದ ಲೆಕ್ಕವೆಲ್ಲ ಅದರ ಮೇಲಿನದು. ಏನಾದರೂ ದಾರಿ ಇದೆಯಾ?

ಪೆಂಗ್ವಿನ್_ಪುತ್ತೂರು

ಉಬುಂಟು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಆ ಡಿಸ್ಕ್ ಸಿಕ್ಕಿಸಿ, ಫೈಲ್ ಕಾಪಿ ಮಾಡಿಕೊಳ್ಳಿ. ವಿಂಡೋಸ್ ಪಾಸ್‌ವರ್ಡ್ ಮರೆತವರಿಗೆಲ್ಲ ನಾನು ಹೀಗೇ ತೆಗೆದುಕೊಟ್ಟಿದ್ದೇನೆ.

ಐಸಿ_ಹುಬ್ಬಳ್ಳಿ

ಪುತ್ತೂರಿನವರೇ, ಅದು ಬೀಗ ಇಲ್ಲದ ಡಿಸ್ಕಿನ ಮಾತಾಯಿತು. ಉಬುಂಟು ಕೂಡ ಬಿಟ್‌ಲಾಕರ್ ಓದುತ್ತದೆ, ಆದರೆ ಅದೂ ಕೀ ಕೇಳುತ್ತದೆ.

ಸಾಗರದವರೇ, ಮೊದಲು ಒಂದು ಮಾತು. ಫಾರ್ಮ್ಯಾಟಿಗೆ ಒಪ್ಪಬೇಡಿ. ಹಳೇ ಬೋರ್ಡನ್ನೂ ಅಂಗಡಿಯವರಿಗೆ ಬಿಟ್ಟುಬರಬೇಡಿ. ಯಾಕೆ ಅಂತ ಹೇಳುತ್ತೇನೆ, ನಾನು ದಿನಾ ಕೂರುವುದೇ ಈ ಬೋರ್ಡುಗಳ ಮುಂದೆ.

ಬೀಗ ನೀವು ಹಾಕಿದ್ದಲ್ಲ. ಹೊಸ ಲ್ಯಾಪ್‌ಟಾಪ್‌ನಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಒಳಗೆ ಹೋದ ಕೂಡಲೇ ಎಷ್ಟೋ ಕಡೆ ವಿಂಡೋಸ್ ತಾನೇ ಬಿಟ್‌ಲಾಕರ್‌ನಿಂದ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿಬಿಡುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ ಮಾಡುತ್ತದೆ. ಹೋಮ್ ಎಡಿಷನ್‌ನಲ್ಲಿ ಅದರ ಹೆಸರು ಡಿವೈಸ್ ಎನ್‌ಕ್ರಿಪ್ಷನ್. ಕೀಲಿ ಬೋರ್ಡಿನ ಮೇಲಿನ ಟಿಪಿಎಂ ಅನ್ನುವ ಭದ್ರತಾ ಭಾಗದ ಕೈಯಲ್ಲಿರುತ್ತದೆ. ಎಲ್ಲ ಮೊದಲಿನ ಹಾಗೇ ಇದ್ದರೆ ಟಿಪಿಎಂ ಸುಮ್ನೆ ಬಾಗಿಲು ತೆಗೆಯುತ್ತದೆ, ಅದಕ್ಕೇ ಇಷ್ಟು ದಿನ ನಿಮಗೆ ಗೊತ್ತೇ ಆಗಲಿಲ್ಲ. ಆ ಪಿನ್ ಕೂಡ ಆ ಯಂತ್ರಕ್ಕೆ ಮಾತ್ರ ಸಂಬಂಧಪಟ್ಟದ್ದು. ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಒಯ್ದರೆ 48 ಅಂಕಿಯ ರಿಕವರಿ ಕೀ ಬೇಕೇ ಬೇಕು.

ಆ ಕೀ ನೀವು ಲಾಗಿನ್ ಆದ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಉಳಿದಿರುತ್ತದೆ. ಬೀಗದ ಡ್ರೈವ್ ಮೇಲೆ ಡಬಲ್ ಕ್ಲಿಕ್ ಮಾಡಿ, ಮೋರ್ ಆಪ್ಷನ್ಸ್ ಒತ್ತಿ, ಎಂಟರ್ ರಿಕವರಿ ಕೀ ಅಂತ ಆರಿಸಿ. ಅಲ್ಲಿ ಎಂಟು ಅಕ್ಷರದ ಕೀ ಐಡಿ ಕಾಣುತ್ತದೆ. ಫೋನಿನಿಂದ ಮೈಕ್ರೋಸಾಫ್ಟ್ ಅಕೌಂಟಿಗೆ ಹೋಗಿ, ಡಿವೈಸಸ್ ಒಳಗೆ ಅದೇ ಐಡಿಯ ಕೀ ಹುಡುಕಿ. ಹೊಸ ಲ್ಯಾಪ್‌ಟಾಪ್‌ಗೆ ಮೊದಲ ಸಲ ಯಾರು ಲಾಗಿನ್ ಮಾಡಿಕೊಟ್ಟರು ಅಂತ ನೆನಪು ಮಾಡಿಕೊಳ್ಳಿ. ಜಾಸ್ತಿ ಸಲ ಅದು ಮಗನದೋ ಅಳಿಯನದೋ ಮೇಲ್ ಐಡಿ ಆಗಿರುತ್ತದೆ.

ಕೀ ಸಿಗಲೇ ಇಲ್ಲ ಅಂದರೆ ಉಳಿಯುವುದು ಅದೇ ಹಳೇ ಬೋರ್ಡ್. ಲೈಟ್ ಮಿನುಗುತ್ತಿದೆ ಅಂದರೆ ಪವರ್ ಭಾಗದಲ್ಲಿ ಎಲ್ಲೋ ಶಾರ್ಟ್ ಇರಬಹುದು. ಒಂದು ಕೆಪಾಸಿಟರೋ ಮಾಸ್‌ಫೆಟ್ಟೋ ಬದಲಿಸಿ ಅದೇ ಬೋರ್ಡ್ ಎದ್ದರೆ, ಅದೇ ಡಿಸ್ಕ್ ಹಾಕಿದಾಗ ಕೀ ಕೇಳದೆ ಒಳಗೆ ಬಿಡುವ ಸಾಧ್ಯತೆ ಇದೆ. ಆದರೆ ಬಯೋಸ್ ಚಿಪ್ (ಲ್ಯಾಪ್‌ಟಾಪ್ ಶುರುವಾಗುವಾಗ ಮೊದಲು ಓಡುವ ಪ್ರೋಗ್ರಾಂ ಇರುವ ಚಿಪ್) ಮುಟ್ಟಬೇಡಿ ಅಂತ ರಿಪೇರಿಯವರಿಗೆ ಮೊದಲೇ ಹೇಳಿಬಿಡಿ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಟಿಪಿಎಂ ಮಾಹಿತಿ ಅದರಲ್ಲೇ ಕೂತಿರುತ್ತದೆ. ಚಿಪ್ ಹೊಸದಾಗಿ ಬರೆದರೆ ಅದೂ ಹೋಯಿತು.

ಮಂಡಿಲೆಕ್ಕ_ಸಾಗರ

ಬೋರ್ಡ್ ವಾಪಸ್ ತಂದೆ. ನೀವು ಹೇಳಿದ ಹಾಗೆ ಮೊದಲು ಲಾಗಿನ್ ಮಾಡಿಕೊಟ್ಟವನು ಮಗನೇ, ಅವನ ಕಾಲೇಜಿನ ಮೇಲ್‌ನಿಂದ. ಓದು ಮುಗಿದ ಮೇಲೆ ಆ ಮೇಲ್ ಬಂದ್ ಆಗಿದೆ. ಆದರೆ ಅವನಿಗೆ ಒಂದು ನೆನಪಾಯಿತು. ಹಿಂದೊಮ್ಮೆ ಬಯೋಸ್ ಅಪ್‌ಡೇಟ್ ಆದಾಗ ನೀಲಿ ಪರದೆ ಬಂದು ಇದೇ ನಂಬರ್ ಕೇಳಿತ್ತಂತೆ. ಆಗ ನೋಡಿ ನನ್ನ ರೋಕಡ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಬರೆದಿದ್ದಾನೆ! ಐಡಿಯೂ ತಾಳೆಯಾಯಿತು. ಕಷ್ಟ ಏನೆಂದರೆ, ಐದನೇ ಗುಂಪಿನ ಒಂದು ಅಂಕಿ 3 ಹೌದೋ 8 ಹೌದೋ ಗೊತ್ತಾಗುತ್ತಿಲ್ಲ, ಕೊನೇ ಗುಂಪಿನಲ್ಲಿ ಒಂದು ಅಂಕಿಯ ಮೇಲೆ ಚಹಾ ಕಲೆ. ಫೋಟೋ ಹಾಕಲಾ?

ಐಸಿ_ಹುಬ್ಬಳ್ಳಿ

ಬೇಡ ರೀ! ಕೀ ಫೋಟೋ ಎಲ್ಲೂ ಹಾಕಬೇಡಿ. ಲೆಕ್ಕದವರು ನೀವು, ಇದು ನಿಮಗೆ ಐದು ನಿಮಿಷದ ಕೆಲಸ.

ಆ 48 ಅಂಕಿ ಅಂದರೆ ಆರಾರು ಅಂಕಿಯ ಎಂಟು ಗುಂಪು. ಪ್ರತಿ ಗುಂಪೂ 11ರಿಂದ ಶೇಷವಿಲ್ಲದೆ ಭಾಗವಾಗಬೇಕು, ಅದನ್ನು ಮಾಡಿರುವುದೇ ಹಾಗೆ. ಒಂದು ಗುಂಪು 283349 ಅಥವಾ 283849 ಅಂತ ಇಟ್ಟುಕೊಳ್ಳಿ (ಇದು ನಾನು ಕಟ್ಟಿದ ಉದಾಹರಣೆ). ಮೊದಲನೆಯದು 11 ಗುಣಿಸು 25759, ಸರಿಯಾಗಿ ಕೂತಿತು. ಎರಡನೆಯದರಲ್ಲಿ 5 ಉಳಿಯುತ್ತದೆ. ಹಾಗಾದರೆ ಅಲ್ಲಿರುವುದು 3. ಚಹಾ ಕಲೆಯ ಜಾಗಕ್ಕೆ 0ಯಿಂದ 9ರವರೆಗೆ ಹಾಕುತ್ತಾ ಹೋಗಿ, ಒಂದಕ್ಕಿಂತ ಜಾಸ್ತಿ ಅಂಕಿ ಹೊಂದುವುದಿಲ್ಲ. ಮತ್ತೆ, ಯಾವ ಗುಂಪೂ 8 ಅಥವಾ 9ರಿಂದ ಶುರುವಾಗುವುದಿಲ್ಲ.

ಬೀಗ ತೆರೆದ ಕೂಡಲೇ ಮೊದಲು ಟ್ಯಾಲಿ ಡೇಟಾ ಫೋಲ್ಡರ್ ಇಡಿಯಾಗಿ ಕಾಪಿ ಮಾಡಿ. ಒಳಗೆ 10000 ಥರ ನಂಬರೇ ಹೆಸರಾಗಿರುವ ಫೋಲ್ಡರ್‌ಗಳಿರುತ್ತವೆ, ಅವನ್ನು ಬಿಡಿಬಿಡಿ ಮಾಡಬೇಡಿ.

ಮಂಡಿಲೆಕ್ಕ_ಸಾಗರ

ತೆರೆಯಿತು! 8 ಅಂತ ನಾನು ಪಂದ್ಯ ಕಟ್ಟುತ್ತಿದ್ದೆ, ಅದು 3. ಮಂಡಿಯ ಇನ್ನೊಂದು ಕಂಪ್ಯೂಟರಿನಲ್ಲಿ ಟ್ಯಾಲಿಗೆ ಆ ಫೋಲ್ಡರ್ ತೋರಿಸಿದೆ, ಸಿಡಿಲು ಬಂದ ದಿನದ ಮಧ್ಯಾಹ್ನದ ವೋಚರ್‌ವರೆಗೂ ಎಲ್ಲ ಇದೆ. ತುಂಬಾ ಉಪಕಾರವಾಯಿತು ಸರ್.

ಗೃಹಿಣಿ_ಗದಗ

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮದೂ ಇದೇ ಕಥೆ, ಆದರೆ ಕೀ ಎಲ್ಲೂ ಇಲ್ಲ, ಬೋರ್ಡನ್ನು ಅಂಗಡಿಯವರು ಗುಜರಿಗೆ ಹಾಕಿಬಿಟ್ಟಿದ್ದಾರೆ. ಡಿಸ್ಕ್ ಮಾತ್ರ ನನ್ನ ಹತ್ತಿರ ಇದೆ. ಒಬ್ಬರು ಹದಿನೈದು ಸಾವಿರ ಮುಂಗಡ ಕೊಟ್ಟರೆ ಬಿಟ್‌ಲಾಕರ್ ಒಡೆದು ಫೋಟೋ ತೆಗೆದುಕೊಡುತ್ತೇವೆ ಅನ್ನುತ್ತಿದ್ದಾರೆ. ಕೊಡಲಾ?

ಐಸಿ_ಹುಬ್ಬಳ್ಳಿ

ಕೊಡಬೇಡಿ ಅಕ್ಕಾ. ಆ ಕೀ 128 ಬಿಟ್‌ನದು, ಊಹಿಸಿ ತೆಗೆಯುವುದು ಯಾರ ಕೈಲೂ ಆಗದ ಮಾತು. ಕೆಟ್ಟ ಡಿಸ್ಕ್ ರಿಪೇರಿ ಮಾಡುವ ಲ್ಯಾಬ್‌ಗಳು ಇವೆ, ಒಳ್ಳೆಯವರೂ ಇದ್ದಾರೆ. ಅವರೂ ಮೊದಲು ಕೇಳುವುದು ಕೀ ಇದೆಯಾ ಅಂತಲೇ. "ಫೋಟೋ ತೋರಿಸಿದ ಮೇಲೆ ದುಡ್ಡು" ಅಂತ ಆ ಮುಂಗಡ ಕೇಳಿದವರಿಗೆ ಹೇಳಿ ನೋಡಿ, ಮತ್ತೆ ಫೋನ್ ಮಾಡಲ್ಲ.

ಡಿಸ್ಕ್ ಫಾರ್ಮ್ಯಾಟ್ ಮಾಡದೆ ತೆಗೆದಿಡಿ. ಮನೆಯಲ್ಲಿ ಯಾರ್ಯಾರ ಮೇಲ್ ಐಡಿ ಇದೆಯೋ ಒಂದೊಂದನ್ನೂ ತೆಗೆದು ನೋಡಿ. ಲ್ಯಾಪ್‌ಟಾಪ್‌ಗೆ ಆಫೀಸಿನದೋ ಕಾಲೇಜಿನದೋ ಅಕೌಂಟ್ ಹಾಕಿದ್ದರೆ ಅಲ್ಲಿನ ಐಟಿಯವರನ್ನು ಕೇಳಿ, ಅವರ ಕಡೆಯೂ ಕೀ ಉಳಿದಿರಬಹುದು. ಫೋಟೋಗಳು ಫೋನಿನಿಂದ ಬಂದವಾದರೆ ಗೂಗಲ್ ಫೋಟೋಸ್ ಒಮ್ಮೆ ತೆರೆದು ನೋಡಿದ್ದೀರಾ?