ಫಂಕ್ಷನ್ ಕೊಡೋ ಅರೇ ಮೇಲೆ ಲೂಪ್: ಪುಟ ಯಾಕ ತೆವಳ್ತದ?

ಪ್ರಶ್ನೆ (ಸಿಂಧನೂರು):
ಜಾವಾಸ್ಕ್ರಿಪ್ಟಿನ್ಯಾಗ ಭತ್ತದ ದರದ ವೆಬ್ ಪುಟ ಮಾಡಾಕತ್ತೀನ್ರಿ. ದರಪಟ್ಟಿ() ಅನ್ನೋ ಫಂಕ್ಷನ್ 400 ಸಾಲಿನ ಅರೇ (ಪಟ್ಟಿ) ರಿಟರ್ನ್ ಮಾಡ್ತದ. ಫಾರ್ ಲೂಪಿನ ಷರತ್ತಿನ್ಯಾಗ ದರಪಟ್ಟಿ().ಲೆಂತ್, ಒಳಗ ದರಪಟ್ಟಿ()[ಐ] ಅಂತ ಬರದೀನಿ. ಉತ್ತರ ಸರಿ, ಪುಟ ಮಾತ್ರ ನಿಧಾನ. ಫಾರ್-ಇನ್ ಲೂಪ್ ಹಾಕಿ ಐ + 1 ತೋರಿಸಿದ್ರ ಸಾಲಿನ ಸಂಖ್ಯೆ 01, 11, 21 ಅಂತ ಬರ್ತದ. ಯಾಕ್ರಿ?

ಉತ್ತರ 1 (ರಾಯಚೂರು):
ಷರತ್ತು ಪ್ರತಿ ಸುತ್ತಿಗೂ ಮತ್ತೆ ಓಡ್ತದ್ರಿ. ಷರತ್ತಿನ್ಯಾಗ 401 ಸಲ, ಒಳಗ 400 ಸಲ, ಒಟ್ಟು 801 ಸಲ ಫಂಕ್ಷನ್ ಕರದಂಗಾತು. ಪ್ರತಿ ಸಲ ಹೊಸ ಅರೇ ಕಟ್ಟಿದ್ರ 3,20,400 ಸಾಲು! ಮೊದ್ಲು ಆ ಅರೇನ ಒಂದು ಹೆಸರಿನ್ಯಾಗ, ಅಂದ್ರ ಕಾನ್ಸ್ಟ್‌ನ್ಯಾಗ ಹಿಡಕೊಳ್ರಿ, ಇಲ್ಲಾ ಫಾರ್-ಆಫ್ (ಒಂದೊಂದೇ ಸಾಲು ಕೊಡೋ ಲೂಪ್) ಬಳಸ್ರಿ. ಅದು ಫಂಕ್ಷನ್ನನ್ನ ಶುರುವಿನ್ಯಾಗ ಒಂದೇ ಸಲ ಕರೀತದ.
ಫಾರ್-ಇನ್ ಕೊಡೋದು ಅರೇಯೊಳಗಿನ ಸಾಲಲ್ಲ, ಅದರ ಕೀ (ಸ್ಥಾನದ ಸಂಖ್ಯೆ), ಅದೂ ಸ್ಟ್ರಿಂಗ್ (ಪಠ್ಯ) ಆಗಿ. "0" ಜೊತಿ 1 ಕೂಡಿಸಿದ್ರ "01" ಆಗ್ತದ. ಅರೇಗೆ ಅದನ್ನ ಬಿಟ್ಟೇ ಬಿಡ್ರಿ. ಸಂಖ್ಯೆನೂ ಬೇಕಂದ್ರ ದರಪಟ್ಟಿ().ಎಂಟ್ರೀಸ್() (ಸಂಖ್ಯೆ, ಸಾಲು ಜೋಡಿ ಕೊಡ್ತದ) ಮೇಲೆ ಫಾರ್-ಆಫ್ ಓಡಿಸ್ರಿ. (ಕನ್ನಡ ಹೆಸರಿನ ಫಂಕ್ಷನ್ ಜಾವಾಸ್ಕ್ರಿಪ್ಟಿನ್ಯಾಗ ನಡೀತದ, ಚಲೋ ಮಾಡೀರಿ.)

ಉತ್ತರ 2 (ಕೊಪ್ಪಳ):
ಮುಂದೆ ದರವನ್ನ ಸರ್ವರ್‌ನಿಂದ ತರಿಸಿದ್ರ ಫಂಕ್ಷನ್ ಅಸಿಂಕ್ (ಉತ್ತರ ಆಮೇಲೆ ಕೊಡೋದು) ಆಗ್ತದ. ಆಗ ಸಿಗೋದು ಅರೇ ಅಲ್ಲ, ಪ್ರಾಮಿಸ್ (ಉತ್ತರ ಆಮೇಲೆ ಬರ್ತದ ಅನ್ನೋ ವಸ್ತು). ಫಾರ್-ಆಫ್ ಅಲ್ಲೇ ಟೈಪ್ ಎರರ್ ಕೊಡ್ತದ. ಅರೇ ಬರೋತನಕ ಕಾಯಾಕ ಅವೇಟ್ ದರಪಟ್ಟಿ() ಅಂತ ಬರೀರಿ. ಫಾರ್‌ಈಚ್ (ಅರೇದ ಪ್ರತಿ ಸಾಲಿಗೂ ಒಂದು ಫಂಕ್ಷನ್ ಓಡಿಸೋದು) ಒಳಗ ಅವೇಟ್ ಹಾಕಿದ್ರ ಅದು ಕಾಯಂಗಿಲ್ಲ, ಎಲ್ಲಾ ಒಮ್ಮೆಲೇ ಶುರು ಮಾಡ್ತದ.

ಉತ್ತರ 3 (ಬಳ್ಳಾರಿ):
ದರಪಟ್ಟಿ() ಬರಿಯೋವಾಗ ರಿಟರ್ನ್ ಪದದ ಮುಂದ ಅರೇದ ಚೌಕ ಕಂಸ ಅದೇ ಸಾಲಿನ್ಯಾಗ ಇರ್ಲಿ. ಕೆಳಗಿನ ಸಾಲಿಗೆ ಇಳಿಸಿದ್ರ ಅನ್‌ಡಿಫೈನ್ಡ್ (ಬೆಲೆ ಏನೂ ಇಲ್ಲ ಅಂತ) ಬರ್ತದ.